ದಶಾಂಶ ಸೇರಿಸಿದ ಷರತ್ತು

ಅವನಿಗೆ ದಶಾಂಶ ಎಂಬ ಅಡ್ಡಹೆಸರು ಬಿದ್ದದ್ದು ಕಂಪನಿಯ ಕ್ಯಾಂಟೀನಿನಲ್ಲಿ. ಯಾರಾದರೂ "ಸುಮಾರು ಮೂವತ್ತು" ಎಂದರೆ ಸಾಕು, ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿ, "ಸುಮಾರು ಅಂದ್ರೆ ಏನು? ಮೂವತ್ತಕ್ಕೆ ಮೇಲೋ ಕೆಳಗೋ?" ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಹೆಸರಿಟ್ಟವನು ಉದ್ದಣ್ಣ. ಬಾಗಿಲಿನ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು. ನದಿಯ ನೀರಿನ ಮಟ್ಟ ಅಳೆಯುವ ಯಂತ್ರಗಳನ್ನು ದಡದಲ್ಲಿ ನಿಲ್ಲಿಸಿ ಬರುವುದು ಅವನ ಕೆಲಸ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಗೆಳೆತನ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ.

ಕಂಪನಿ ಯಂತ್ರಗಳ ಜೊತೆಗೆ ಲೆಕ್ಕದ ಲೈಬ್ರರಿಯನ್ನೂ ಮಾರುತ್ತಿತ್ತು. ಪ್ರೋಗ್ರಾಮು ಬರೆಯುವವರ ಮಾತಿನಲ್ಲಿ ಲೈಬ್ರರಿ ಎಂದರೆ ಸಿದ್ಧ ಲೆಕ್ಕಗಳ ಕಟ್ಟು. ಪ್ರತಿಯೊಬ್ಬನೂ ಮೊದಲಿನಿಂದ ಹೆಣಗುವ ಬದಲು ಬೇಕಾದ ತುಣುಕನ್ನು ಅದರಿಂದ ಎತ್ತಿಕೊಂಡು ತನ್ನ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುತ್ತಾನೆ. ಮೇಲೆ ಇಷ್ಟು ಮಳೆ ಬಿದ್ದರೆ ಕೆಳಗಿನ ಸೇತುವೆಯ ಬಳಿ ನೀರು ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಎಂದು ಹೇಳುವ ಲೆಕ್ಕಗಳನ್ನು ದಶಾಂಶ ವರ್ಷಗಟ್ಟಲೆ ಕೂತು ಬರೆದಿದ್ದ. ಕಂಪನಿ ಅದನ್ನು ಬೀಗ ಜಡಿದ ಪೆಟ್ಟಿಗೆಯಂತೆ ಮಾರಿತು. ಕೊಂಡವನು ಬಳಸಬಹುದು, ಒಳಗೆ ಇಣುಕುವಂತಿಲ್ಲ, ತಿದ್ದುವಂತಿಲ್ಲ, ಪಕ್ಕದ ಕಂಪ್ಯೂಟರಿಗೆ ಹಾಕುವಂತಿಲ್ಲ. ಕೈಪಿಡಿಯ ಮೊದಲ ಪುಟದಲ್ಲಿ, ಬರೆದವರು ಎಂಬಲ್ಲಿ ಮೇಲಧಿಕಾರಿಯ ಹೆಸರಿತ್ತು.

ದಶಾಂಶ ಕೇಳಲು ಹೋದ. "ಸಂಬಳ ತಗೊಂಡಿದ್ದೀರಲ್ಲ, ಇನ್ನೇನು ಬೇಕಾಗಿತ್ತು?" ಎಂದರು ಮೇಲಧಿಕಾರಿ. ಅವನು ಕೇಳುವುದನ್ನು ಬಿಡಲಿಲ್ಲ. ಸ್ವಲ್ಪ ದಿನಗಳಲ್ಲೇ ಅವನ ಮೇಜನ್ನು ಬೇರೆಯವರಿಗೆ ಕೊಟ್ಟರು.

ಮನೆಯಲ್ಲಿ ಆಸ್ಪತ್ರೆಯ ನರ್ಸ್ ಆಗಿದ್ದ ಹೆಂಡತಿ ಇದ್ದಳು, ಶಾಲೆಗೆ ಹೋಗುವ ಮಗಳಿದ್ದಳು. ದಶಾಂಶ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುವ ಸಣ್ಣ ಕೆಲಸ ಹಿಡಿದ. ಉಳಿದ ಹೊತ್ತೆಲ್ಲ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಗೆಯುವ ಯಂತ್ರಕ್ಕೂ ಇಸ್ತ್ರಿ ಮೇಜಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತ. ಕಂಪನಿಯ ಲೈಬ್ರರಿಗೆ ಬದಲಾಗಿ ಬೇರೊಂದನ್ನು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿಕೊಳ್ಳುವಂತೆ ಲೋಕಕ್ಕೆ ಬಿಟ್ಟುಕೊಡುವುದು ಅವನ ಹಟ. ಸ್ವತಂತ್ರ ತಂತ್ರಾಂಶ ಎಂದು ಅದನ್ನು ಕರೆಯುತ್ತಾರೆ. ಅವನಿಗೆ ಆಗ ಸ್ವಾತಂತ್ರ್ಯಕ್ಕಿಂತ ಸೇಡಿನ ಚಿಂತೆಯೇ ಹೆಚ್ಚಾಗಿತ್ತು. ಕೆಲಸ ಮಾತ್ರ ಅಚ್ಚುಕಟ್ಟು.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಬೀಗ ಹಾಕಿದ ಪ್ರೋಗ್ರಾಮಿನ ಒಳಗನ್ನು ಕಂಡವನು ಅದರ ಬದಲಿಯನ್ನು ಬರೆಯಕೂಡದು. ಅವನ ಕೈ ತಾನು ಕಂಡದ್ದನ್ನೇ ಬರೆಯುತ್ತದೆ, ಆಗ ಅದು ನಕಲು. ದಶಾಂಶ ಬರೀ ಕಂಡವನಲ್ಲ, ಅದನ್ನು ಬರೆದವನೇ. ಹಾಗಾಗಿ ಸಾಧ್ಯವಾದ ಕಡೆಯಲ್ಲೆಲ್ಲ ಹಳೆಯ ದಾರಿ ಬಿಟ್ಟು ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಬೇರೆ ವಿಧಾನಗಳನ್ನು ಹಿಡಿದ. ಒಂದು ತುಣುಕಿಗೆ ಮಾತ್ರ ಬೇರೆ ದಾರಿ ಅವನ ತಲೆಗೆ ಹೊಳೆಯಲೇ ಇಲ್ಲ. ನೀರು ನಿಧಾನವಾಗಿ ಏರುವಾಗ ಲೆಕ್ಕ ಗಂಟೆಗೊಂದು ದೊಡ್ಡ ಹೆಜ್ಜೆ ಹಾಕಬೇಕು, ಸರ್ರನೆ ಏರುವಾಗ ನಿಮಿಷಕ್ಕೊಂದು ಪುಟ್ಟ ಹೆಜ್ಜೆ ಹಾಕಬೇಕು. ಆ ಹೆಜ್ಜೆಯನ್ನು ಆರಿಸುವ ತುಣುಕೇ ಇಡೀ ಲೈಬ್ರರಿಯ ಜೀವ.

"ಅದನ್ನ ನಾನು ಬರೀತೀನಿ ಬಿಡು," ಎಂದ ಉದ್ದಣ್ಣ. ಅವನೂ ಅಷ್ಟರಲ್ಲಿ ಕಂಪನಿ ಬಿಟ್ಟಿದ್ದ. ಯಂತ್ರಗಳ ಸಹವಾಸದಲ್ಲಿ ಪ್ರೋಗ್ರಾಮು ಬರೆಯುವುದನ್ನೂ ಕಲಿತಿದ್ದ. "ನಾನು ಕಂಪನಿಯ ಪೆಟ್ಟಿಗೆಯೊಳಗೆ ಯಾವತ್ತೂ ಇಣುಕಿಲ್ಲ. ಆದರೆ ನದೀನ ನೋಡಿದ್ದೀನಿ. ನೀನು ನೋಡಿದ್ದೀಯಾ?"

"ಲೆಕ್ಕಕ್ಕೆ ನದಿ ಯಾಕೋ ನೋಡಬೇಕು?"

"ಅದಕ್ಕೇ ನಿನ್ನ ಲೆಕ್ಕದಲ್ಲಿ ನದಿ ಸರ್ಕಾರಿ ನೌಕರನ ಥರ ಹತ್ತು ಗಂಟೆಗೆ ಏರುತ್ತೆ, ಐದಕ್ಕೆ ಇಳಿಯುತ್ತೆ."

ಉದ್ದಣ್ಣ ಬರೆದ. ದಶಾಂಶ ಒಂದು ಮಾತೂ ಹೇಳಿಕೊಡಲಿಲ್ಲ, ಹೇಳಿಕೊಡುವಂತಿರಲಿಲ್ಲ. ಉತ್ತರ ತಪ್ಪಿದಾಗ ತಪ್ಪು ಎಂದ, ಸರಿಯಾದಾಗ ಸರಿ ಎಂದ. ಕೊನೆಗೆ ಬಂದದ್ದು ಕಂಪನಿಯದಕ್ಕಿಂತ ಚೊಕ್ಕವಾದ ತುಣುಕು. ದಶಾಂಶ ಅದನ್ನು ಎಷ್ಟು ಸಲ ಓದಿದನೆಂದರೆ, ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗಲೂ ಅದರ ಸಾಲುಗಳು ಬಾಯಿಗೆ ಬರುತ್ತಿದ್ದವು.

ಲೋಕಕ್ಕೆ ಬಿಡುವ ಹೊತ್ತಿಗೆ ಲೈಸೆನ್ಸಿನ, ಅಂದರೆ ಯಾರು ಹೇಗೆ ಬಳಸಬಹುದೆಂಬ ಷರತ್ತುಪತ್ರದ ಪ್ರಶ್ನೆ ಬಂತು. ಎಲ್ಲರೂ ಬಳಸುವ, ಹತ್ತಾರು ವಕೀಲರು ಕೂತು ಅರೆದು ಬರೆದ ಲೈಸೆನ್ಸುಗಳು ಸಿದ್ಧವಾಗಿಯೇ ಸಿಗುತ್ತವೆ. ದಶಾಂಶ ಅವುಗಳಲ್ಲಿ ಒಂದನ್ನು ಆರಿಸಿ, ಅದರ ಕೆಳಗೆ ತನ್ನದೇ ಒಂದು ಸಾಲನ್ನು ಸೇರಿಸಿದ. ಆ ಕಂಪನಿಯಾಗಲಿ, ಅದರಲ್ಲಿ ಎಂದಾದರೂ ಸಂಬಳ ಪಡೆದವರಾಗಲಿ ಇದನ್ನು ಬಳಸಕೂಡದು.

ಉದ್ದಣ್ಣ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಂಬಳ ನಾವಿಬ್ಬರೂ ತಗೊಂಡಿದ್ದೀವಲ್ಲೋ! ಅಡುಗೆ ಮಾಡಿದವರಿಗೇ ಊಟ ಇಲ್ಲವಾ?"

"ನಾವು ಬರೆದವರು. ನಮಗೆ ಅನ್ವಯಿಸಲ್ಲ."

"ಬೇಡ ಕಣೋ. ಯಾರ ಮೇಲಿನ ಸಿಟ್ಟನ್ನೋ ಲೈಸೆನ್ಸಿನಲ್ಲಿ ಬರೆದು ಇಡಬೇಡ. ನಾಳೆ ಸಿಟ್ಟು ಇಳಿಯುತ್ತೆ, ಸಾಲು ಇಳಿಯಲ್ಲ."

"ನನ್ನ ಸಿಟ್ಟು ಇಳಿಯಲ್ಲ."

ಉದ್ದಣ್ಣ ಭುಜ ಹಾರಿಸಿ ಒಪ್ಪಿದ. ಸಾಲು ಪ್ರತಿಯೊಂದು ಫೈಲಿನ ತಲೆಯ ಮೇಲೂ ಕೂತಿತು. ಆಮೇಲೆ ಬೇರೆ ಬೇರೆ ಕಡೆಯಿಂದ ಹಲವರು ಸಣ್ಣಪುಟ್ಟ ತುಣುಕುಗಳನ್ನು ಬರೆದು ಸೇರಿಸಿದರು, ಎಲ್ಲರೂ ಅದೇ ಷರತ್ತಿಗೆ ಒಪ್ಪಿ. ಸ್ವತಂತ್ರ ತಂತ್ರಾಂಶದ ದೊಡ್ಡ ಬಳಗಗಳವರು ಮಾತ್ರ ಇದನ್ನು ತಮ್ಮ ಸಾಲಿಗೆ ಸೇರಿಸಲಿಲ್ಲ. ಒಬ್ಬನನ್ನು ಹೊರಗಿಟ್ಟ ಮೇಲೆ ಅದು ಸ್ವತಂತ್ರವಲ್ಲ ಎಂದು ಅವರು ಸೌಜನ್ಯದಿಂದಲೇ ಬರೆದರು. ದಶಾಂಶ ಅವರನ್ನು ಬೆನ್ನುಮೂಳೆ ಇಲ್ಲದವರು ಎಂದು ಬೈದು ಸುಮ್ಮನಾದ.

ಒಂದೆರಡು ವರ್ಷಗಳಲ್ಲಿ ಉದ್ದಣ್ಣನ ಹೆಂಡತಿಗೆ ಮೂತ್ರಪಿಂಡ ಕೈಕೊಟ್ಟಿತು. ವಾರವಾರ ರಕ್ತ ಶುದ್ಧಿ ಮಾಡಿಸಬೇಕು. ಅದರ ಭಾರ ಹೊರುವ ವಿಮೆ ಇದ್ದದ್ದು ಹಳೆಯ ಕಂಪನಿಯಲ್ಲಿ. ಉದ್ದಣ್ಣ ತಲೆ ತಗ್ಗಿಸಿಕೊಂಡು ಹೋಗಿ ಮತ್ತೆ ಅಲ್ಲಿ ಸೇರಿಕೊಂಡ. ಈ ಸುದ್ದಿಯನ್ನು ದಶಾಂಶನಿಗೆ ಹೇಳಿದವಳು ನರ್ಸ್ ಆಗಿದ್ದ ಅವನ ಹೆಂಡತಿ.

"ಪಾಪ, ಇನ್ನೇನು ಮಾಡ್ತಾರೆ ಹೇಳಿ?" ಎಂದಳು.

"ಏನಾದ್ರೂ ಮಾಡಬಹುದಿತ್ತು," ಎಂದ ದಶಾಂಶ. ಏನು ಎಂದು ಅವಳು ಕೇಳಿದಾಗ ಎದ್ದು ಹಿಂದಿನ ಕೋಣೆಗೆ ಹೋದ.

ಅದೇ ವರ್ಷ ಉದ್ದಣ್ಣ ತಾನು ಬರೆದ ತುಣುಕಿನಲ್ಲೇ ಒಂದು ತಪ್ಪು ಕಂಡುಹಿಡಿದ. ನೀರು ಏರಿ, ನಿಂತು, ಮತ್ತೆ ಏರಿದರೆ ಲೆಕ್ಕ ಒಂದು ಹೆಜ್ಜೆಯನ್ನು ನುಂಗುತ್ತಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಕೂತು ತಿದ್ದಿ, ಲೈಬ್ರರಿಗೆ ತುಣುಕು ಬರೆದುಕೊಟ್ಟ ಬಳಗದವರೆಲ್ಲ ಓದುವ ಮೇಲ್ ವಿಳಾಸಕ್ಕೆ ಕಳಿಸಿದ. ದಶಾಂಶ ಅದನ್ನು ತೆರೆದು ನೋಡಿದ, ತಿದ್ದುಪಡಿ ಸರಿಯಾಗಿತ್ತು. ಎಲ್ಲರಿಗೂ ಕಾಣುವಂತೆ ಉತ್ತರ ಬರೆದ: ಕಳಿಸಿದವರು ಸದ್ಯ ಆ ಕಂಪನಿಯ ಸಂಬಳದಲ್ಲಿದ್ದಾರೆ. ಷರತ್ತಿನ ಪ್ರಕಾರ ಅವರು ಈ ಲೈಬ್ರರಿಯನ್ನು ಬಳಸುವಂತಿಲ್ಲ, ಬಳಸದೆ ಪರೀಕ್ಷಿಸಿರಲು ಸಾಧ್ಯವಿಲ್ಲ, ಆದ್ದರಿಂದ ಸ್ವೀಕರಿಸಲಾಗದು. ದಯವಿಟ್ಟು ಷರತ್ತು ಓದಿ.

ಹೀಗೆ ಬರೆಯಲು ಒಬ್ಬ ಮನುಷ್ಯನಿಗೆ ಕ್ರೌರ್ಯ ಬೇಕಾಗಿಲ್ಲ, ತಾನು ನ್ಯಾಯವಾಗಿ ನಡೆಯುತ್ತಿದ್ದೇನೆ ಎಂಬ ನಂಬಿಕೆ ಸಾಕು. ಆ ತಪ್ಪನ್ನು ಅವನು ಆಮೇಲೆ ತನ್ನದೇ ರೀತಿಯಲ್ಲಿ, ಹೊರಗಿನಿಂದ ಒಂದು ತೇಪೆ ಹಾಕಿ ಮುಚ್ಚಿದ. ಉದ್ದಣ್ಣ ಮತ್ತೆ ಏನನ್ನೂ ಕಳಿಸಲಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಇಬ್ಬರೂ ಕಿಟಕಿಯ ಕಡೆ ಮುಖ ಮಾಡುತ್ತಿದ್ದರು.

ಕಾಲ ಕಳೆಯಿತು. ದಶಾಂಶನ ಕೂದಲು ಉದುರಿತು, ಲೈಬ್ರರಿ ಬೆಳೆಯಿತು. ಅಲ್ಲೊಂದು ಇಲ್ಲೊಂದು ಕಾಲೇಜಿನವರು ಬಳಸುತ್ತಿದ್ದರು, ಅಷ್ಟೆ. ಮಗಳು ಓದಿ, ನೆರೆಯ ಮುನ್ಸೂಚನೆ ಕೊಡುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪನ ಲೆಕ್ಕ ಎಂದರೆ ಅವಳಿಗೆ ಎಳವೆಯಿಂದ ಹೆಮ್ಮೆ. ಅದರ ಸದ್ದು ಕೇಳುತ್ತಲೇ ಬೆಳೆದವಳು ಎಂದರೂ ನಡೆದೀತು, ಬಟ್ಟೆಯ ಯಂತ್ರ ತಿರುಗುವಾಗಲೆಲ್ಲ ಒಳಗೆ ಅಪ್ಪ ಗೊಣಗುತ್ತಿದ್ದ.

ಕಚೇರಿ ಅಲ್ಲಿಯವರೆಗೆ ನಡೆಸುತ್ತಿದ್ದದ್ದು ಕಂಪನಿಯ ಬೀಗದ ಪೆಟ್ಟಿಗೆಯನ್ನೇ. ಈಗ ನದಿಯ ಕೆಳಗಿನ ಊರುಗಳ ಕಚೇರಿಗಳಿಗೂ ಮುನ್ಸೂಚನೆಯ ಪ್ರೋಗ್ರಾಮನ್ನು ಹಂಚಬೇಕು ಎಂದಾಯಿತು. ಕಂಪನಿಯ ಲೈಬ್ರರಿ ಒಳಗಿರುವವರೆಗೆ ಹಂಚುವಂತಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಕಿತ್ತು ಸ್ವತಂತ್ರವಾದದ್ದೊಂದನ್ನು ಹಾಕುವ ಹೊಣೆ ಮಗಳ ಮೇಲೆ ಬಿತ್ತು. ಅವಳು ನೇರವಾಗಿ ಹಿಂದಿನ ಕೋಣೆಗೆ ಬಂದಳು.

"ಅಪ್ಪ, ನಿನ್ನದನ್ನೇ ಹಾಕಬೇಕು ಅಂತಿದ್ದೀನಿ."

ದಶಾಂಶ ಕನ್ನಡಕ ತೆಗೆದು ಒರೆಸಿದ. ಬದುಕಿನಲ್ಲಿ ಅವನು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಕಂಪನಿಯ ಪೆಟ್ಟಿಗೆ ಹೊರಗೆ ಹೋಗಬೇಕು, ಅದರ ಜಾಗದಲ್ಲಿ ತನ್ನದು ಕೂರಬೇಕು.

"ಆದರೆ ಆ ಸಾಲು ಹೋಗಬೇಕಪ್ಪ."

"ಯಾವ ಸಾಲು?"

"ಗೊತ್ತಿಲ್ಲದವನ ಹಾಗೆ ಕೇಳಬೇಡ. ನಮ್ಮ ಪ್ರೋಗ್ರಾಮು ಬೇರೆ ಲೈಸೆನ್ಸಲ್ಲಿದೆ. ಅದರ ಷರತ್ತು ಒಂದೇ, ನಿನಗೆ ಸಿಕ್ಕ ಸ್ವಾತಂತ್ರ್ಯಾನ ಮುಂದಿನವರಿಗೂ ಹಾಗೇ ದಾಟಿಸು, ನಿನ್ನದೊಂದು ಅಡ್ಡಿ ಸೇರಿಸಬೇಡ ಅಂತ. ನಿನ್ನ ಸಾಲು ಅಡ್ಡಿ. ಎರಡನ್ನೂ ಒಟ್ಟಿಗೆ ಕಟ್ಟಿ ಹಂಚೋ ಹಾಗಿಲ್ಲ."

"ಹಾಗಿದ್ರೆ ನಿಮ್ಮ ಲೈಸೆನ್ಸ್ ಬದಲಾಯಿಸಿ."

"ನಮ್ಮ ಕಚೇರಿಯಲ್ಲಿ ಮೂರು ಜನ ಆ ಕಂಪನೀಲಿ ಕೆಲಸ ಮಾಡಿ ಬಂದವರಿದ್ದಾರೆ. ನೆರೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡು ಕೂರಬೇಕಾ?"

"ಅವರು ಬೇರೆ ಕೆಲಸ ನೋಡಿಕೊಳ್ಳಲಿ."

ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ, "ಇವರ ಹತ್ರ ತಲೆ ಚಚ್ಚಿಕೊಳ್ಳಬೇಡ," ಎಂದಳು ಮಗಳಿಗೆ. "ಇವರಿಗೆ ಲೈಬ್ರರಿ ಮೊದಲ ಮಗು, ಸಿಟ್ಟು ಎರಡನೇದು. ನೀನು ಆಮೇಲೆ."

ಮಗಳು ನಗಲಿಲ್ಲ. ಎರಡು ವಾರ ಅಪ್ಪನ ಜೊತೆ ಊಟಕ್ಕೆ ಕೂತರೂ ಮಾತು ಬೆಳೆಸಲಿಲ್ಲ. ಆ ಎರಡು ವಾರದಲ್ಲಿ ದಶಾಂಶ ತನ್ನೊಳಗೇ ಲೆಕ್ಕ ಹಾಕಿದ. ಕಂಪನಿಯನ್ನು ಹೊರಗಿಡಬೇಕೆಂದು ಬರೆದ ಸಾಲು ಈಗ ಕಂಪನಿಯ ಪೆಟ್ಟಿಗೆಯನ್ನೇ ಕಾಯುತ್ತಿತ್ತು. ಈ ಉತ್ತರವನ್ನು ಅವನು ಎಷ್ಟು ಸಲ ತಾಳೆ ನೋಡಿದರೂ ಬದಲಾಗಲಿಲ್ಲ. ಒಂದು ಬೆಳಿಗ್ಗೆ ಮಗಳು ಚಪ್ಪಲಿ ಹಾಕಿಕೊಳ್ಳುವಾಗ, "ಕೀಳ್ತೀನಿ," ಎಂದ.

ಕೀಳುವುದು ಅವನೊಬ್ಬನ ಕೈಯಲ್ಲಿರಲಿಲ್ಲ. ತುಣುಕು ಕೊಟ್ಟ ಪ್ರತಿಯೊಬ್ಬನೂ ಆ ಷರತ್ತಿನ ಮೇಲೆ ಕೊಟ್ಟಿದ್ದ. ಷರತ್ತು ಬದಲಾಗಬೇಕಾದರೆ ಪ್ರತಿಯೊಬ್ಬನೂ ಹೂಂ ಎನ್ನಬೇಕು. ದಶಾಂಶ ಎಲ್ಲರಿಗೂ ಬರೆದ. ಒಬ್ಬೊಬ್ಬರಾಗಿ ಒಪ್ಪಿದರು, ಕೆಲವರು ಇಷ್ಟು ತಡವಾಗಿಯಾದರೂ ಬುದ್ಧಿ ಬಂತಲ್ಲ ಎಂಬರ್ಥದ ನಗುಮುಖವನ್ನೂ ಜೊತೆಗೆ ಕಳಿಸಿದರು. ಉದ್ದಣ್ಣನಿಂದ ಒಂದೇ ಸಾಲು ಬಂತು. ದಯವಿಟ್ಟು ಷರತ್ತು ಓದಿ.

ದಶಾಂಶ ಅವನ ಮನೆಗೆ ಹೋದ. ಲಿಫ್ಟ್ ಇಲ್ಲದ ಮೂರನೆಯ ಮಹಡಿ. ಉದ್ದಣ್ಣನಿಗೆ ನಿವೃತ್ತಿಯಾಗಿತ್ತು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಗ ದಶಾಂಶ ಹೋಗಿರಲಿಲ್ಲ. ಅವನ ಹೆಂಡತಿ ಒಬ್ಬಳೇ ಹೋಗಿ ಬಂದಿದ್ದಳು.

"ಬಾ ದಶಾಂಶ. ತಲೆ ಬಗ್ಗಿಸಬೇಡ, ನಿನಗೆ ಬಾಗಿಲು ತಗಲಲ್ಲ."

ಉದ್ದಣ್ಣ ಕಿಟಕಿಯ ಬಳಿ ಕೂತು ಹಳೆಯ ಗಡಿಯಾರವೊಂದನ್ನು ಬಿಚ್ಚಿಕೊಂಡಿದ್ದ. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಮಂಚಕ್ಕೆ ಎಸೆದು ಜಾಗ ಮಾಡಿದ.

"ತಮಾಷೆ ಸಾಕು ಕಣೋ," ಎಂದ ದಶಾಂಶ. "ಊರು ಮುಳುಗೋ ಲೆಕ್ಕ ಇದು."

"ಅವತ್ತೂ ಊರು ಮುಳುಗೋ ಲೆಕ್ಕವೇ ಆಗಿತ್ತು. ನಾನು ಕಳಿಸಿದ್ದು ನನ್ನದೇ ತಪ್ಪಿಗೆ ತಿದ್ದುಪಡಿ. ಬೇಡ ಅಂದವನು ಊರಿನ ಚಿಂತೆ ಮಾಡಿದ್ದೆಯಾ?"

"ತಪ್ಪು ಮಾಡಿದೆ."

"ಹೌದು."

ಉದ್ದಣ್ಣ ಒಂದು ಸಣ್ಣ ಚಕ್ರವನ್ನು ಬೆಳಕಿಗೆ ಹಿಡಿದು ಹಲ್ಲುಗಳನ್ನು ನೋಡಿದ.

"ಆ ಮೇಲ್ ಬಂದಾಗ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದೆ. ನನ್ನ ಮುಖ ನೋಡಿ ಫೋನ್ ಕಿತ್ತುಕೊಂಡು ಓದಿದಳು. ‘ಇದನ್ನ ನಮ್ಮ ದಶಾಂಶಾನೇ ಬರೆದಿದ್ದಾ?’ ಅಂದಳು. ಇಲ್ಲ, ಬೇರೆ ಯಾರೋ, ಆ ಬಳಗದ ಇನ್ನೊಬ್ಬ ಅಂದೆ. ನಾನು ಅವಳಿಗೆ ಹೇಳಿದ ಸುಳ್ಳು ಅದೊಂದೇ. ನಿನಗೋಸ್ಕರ ಹೇಳಿದೆ."

ದಶಾಂಶ ಹೇಳಬಾರದ್ದನ್ನು ಹೇಳಿದ. "ನನ್ನ ಮೇಲಿನ ಸಿಟ್ಟನ್ನ ನನ್ನ ಮಗಳ ಮೇಲೆ ಯಾಕೆ ತೀರಿಸ್ಕೋತೀಯ?"

"ಕಂಪನಿ ಮೇಲಿನ ಸಿಟ್ಟನ್ನ ನೀನು ಯಾರ ಮೇಲೆ ತೀರಿಸಿಕೊಂಡೆ?" ಎಂದ ಉದ್ದಣ್ಣ, ದನಿ ಏರಿಸದೆ. "ನಿನ್ನ ಮಗಳಿಗೇನೂ ತೊಂದರೆ ಆಗಲ್ಲ. ಮೊನ್ನೆ ಅವಳೇ ಫೋನ್ ಮಾಡಿದ್ದಳು. ಮಾವ, ಏನು ಮಾಡಲಿ ಅಂತ ಕೇಳಿದಳು. ಬೇರೊಂದು ಲೈಬ್ರರಿ ಇದೆ, ಲೈಸೆನ್ಸ್ ಶುದ್ಧ, ಹೆಜ್ಜೆ ಆರಿಸೋದೂ ಚೆನ್ನಾಗಿದೆ, ನದಿಯ ಭಾಗ ನೀವೇ ಬರೆದು ಜೋಡಿಸಿಕೊಳ್ಳಬೇಕು, ಅಷ್ಟೇ ಅಂದೆ. ಎಲ್ಲಿ ಜೋಡಿಸಬೇಕು ಅಂತಾನೂ ಹೇಳಿಕೊಟ್ಟಿದ್ದೀನಿ. ಯಾರೂ ಮುಳುಗಲ್ಲ ಕಣೋ. ಯಾರಾದರೂ ಮುಳುಗೋ ಹಾಗಿದ್ದರೆ ನಾನು ಒಪ್ಪಿಬಿಡ್ತಿದ್ದೆ."

"ಹಾಗಾದರೆ ಮುಳುಗೋದು ನನ್ನದು ಮಾತ್ರ."

"ನನ್ನದೂ. ಅದರಲ್ಲಿ ನನ್ನ ತುಣುಕೂ ಇದೆ, ಮರೆತೆಯಾ? ಅವತ್ತು ಆ ಸಾಲು ಬೇಡ ಅಂತ ನಾನಂದೆ, ನೀನು ಕೇಳಲಿಲ್ಲ, ಒಪ್ಪಿದೆ. ನೀನು ಬರೆದದ್ದು ನೀನು ಬರೆದ ಹಾಗೇ ಇರಲಿ. ಟೀ ಕುಡೀತೀಯಾ?"

ದಶಾಂಶ ಕುಡಿಯಲಿಲ್ಲ.

ಮನೆಗೆ ಬಂದವನೇ ಹಿಂದಿನ ಕೋಣೆಗೆ ಹೋದ. ಉದ್ದಣ್ಣನ ತುಣುಕೊಂದನ್ನು ತೆಗೆದುಹಾಕಿ ತಾನೇ ಹೊಸದನ್ನು ಬರೆದರೆ ಅವನ ಒಪ್ಪಿಗೆಯೇ ಬೇಕಾಗಿಲ್ಲ. ಬರೆಯಲು ಕೂತ. ಮೊದಲ ಸಲ ಬರೆದದ್ದು ಕಂಪನಿಯಲ್ಲಿ ತಾನೇ ಹಿಂದೆ ಬರೆದಿದ್ದ ದಾರಿ. ಅದು ಕಂಪನಿಯ ಸೊತ್ತು. ಅದನ್ನು ಅಳಿಸಿದ. ಎರಡನೆಯ ಸಲ ಬೇರೆ ಕಡೆಯಿಂದ ಹೊರಟ, ಅರ್ಧ ದಾರಿಗೆ ಬಂದಾಗ ಉದ್ದಣ್ಣನ ಸಾಲುಗಳು ಒಂದರ ಹಿಂದೊಂದು ಬಂದು ನಿಂತವು, ನೀರು ಹುಯ್ದುಕೊಳ್ಳುವಾಗ ಬಾಯಿಗೆ ಬರುತ್ತಿದ್ದ ಕ್ರಮದಲ್ಲೇ. ಹೆಸರುಗಳನ್ನು ಬದಲಾಯಿಸಿ ನೋಡಿದ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದ. ಹೊರಗಿನವರಿಗೆ ಅದು ಹೊಸದೆಂದೇ ಕಾಣುತ್ತಿತ್ತು. ಕೊನೆಗೆ ಹಾಗೆಯೇ ಮಗಳಿಗೆ ಕಳಿಸಿದ.

ಅವಳು ಸಂಜೆ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ, ಇದನ್ನ ಉದ್ದಣ್ಣ ಮಾವಂದು ನೋಡದೆ ಬರೆದೆಯಾ?"

"ಪಕ್ಕದಲ್ಲಿ ಇಟ್ಟುಕೊಂಡು ಬರೆದಿಲ್ಲ."

"ಅದನ್ನ ಕೇಳಲಿಲ್ಲ ನಾನು."

ಲೆಕ್ಕದ ವಿಷಯದಲ್ಲಿ ಸುಮಾರು ಎಂಬ ಉತ್ತರವನ್ನು ಅವನು ಯಾರಿಂದಲೂ ಸ್ವೀಕರಿಸಿದವನಲ್ಲ. ಮಗಳಿಗೂ ಅದನ್ನೇ ಕಲಿಸಿದ್ದ.

"ಇಲ್ಲ," ಎಂದ.

"ಸರಿ," ಎಂದಳು ಮಗಳು. ಕೈಚೀಲವನ್ನು ಮೊಳೆಗೆ ನೇತುಹಾಕಿ, "ನಾಳೆಯಿಂದ ಬೇರೆಯದನ್ನ ಜೋಡಿಸೋಕೆ ಶುರು ಮಾಡ್ತೀನಪ್ಪ. ಇನ್ನು ಕಾಯೋಕಾಗಲ್ಲ," ಎಂದಳು. ಅವನು ತಲೆಯಾಡಿಸಿದ. ಅವಳು ಕೈಕಾಲು ತೊಳೆಯಲು ಹೋದಳು.

ಅವಳು ಹಾಕಿದ್ದು ಎಲ್ಲೆಲ್ಲಿಯೋ ಇರುವ, ಒಬ್ಬರ ಮುಖವನ್ನೊಬ್ಬರು ನೋಡದ ಹಲವರು ಸೇರಿ ಬರೆದ ಲೈಬ್ರರಿ. ಅದರ ಲೈಸೆನ್ಸಿನಲ್ಲಿ ಯಾರ ಮೇಲಿನ ಸಿಟ್ಟೂ ಇರಲಿಲ್ಲ. ಮಳೆಗಾಲಕ್ಕೆ ಮೊದಲೇ ಕೆಳಗಿನ ಊರುಗಳಿಗೆಲ್ಲ ಪ್ರೋಗ್ರಾಮು ತಲುಪಿತು. ದಶಾಂಶ ಬಳಗದವರಿಗೆ ಏನನ್ನೂ ಬರೆಯಲಿಲ್ಲ. ಒಪ್ಪಿಗೆ ಕೊಟ್ಟವರಲ್ಲಿ ಒಬ್ಬಿಬ್ಬರು ಮುಂದೇನಾಯಿತು ಎಂದು ಕೇಳಿ, ಉತ್ತರ ಬರದೆ, ಸುಮ್ಮನಾದರು.

ಆ ವರ್ಷ ನದಿ ಬಂತು. ಮಗಳು ಕಚೇರಿಯಲ್ಲೇ ಕುರ್ಚಿಗಳನ್ನು ಜೋಡಿಸಿಕೊಂಡು ಮಲಗಿದಳು. ಮಧ್ಯಾಹ್ನ ದಶಾಂಶ ಅಳತೆಯ ಅಂಕಿಗಳನ್ನು ಕಚೇರಿಯ ಬಹಿರಂಗ ಪುಟದಿಂದ ಇಳಿಸಿಕೊಂಡು ತನ್ನ ಲೈಬ್ರರಿಗೆ ಉಣಿಸಿದ. ಸೇತುವೆಯ ಬಳಿ ನೀರು ಎಲ್ಲಿಗೆ ಮುಟ್ಟಬೇಕೆಂದು ಅವನದು ಹೇಳಿತೋ ಅಲ್ಲಿಗೇ ಎಂದು ಕಚೇರಿಯ ಮುನ್ಸೂಚನೆಯೂ ಹೇಳಿತ್ತು, ಎರಡನೆಯ ದಶಾಂಶ ಸ್ಥಾನದವರೆಗೂ. ಅಷ್ಟರಲ್ಲಿ ತಗ್ಗಿನ ಬೀದಿಗಳನ್ನು ಖಾಲಿ ಮಾಡಿಸಿಯಾಗಿತ್ತು. ಯಾರದೂ ಜೀವ ಹೋಗಲಿಲ್ಲ.

ಮಗಳು ಮನೆಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಮಾತು ನಿಲ್ಲುತ್ತಿರಲಿಲ್ಲ. ಯಾವ ಊರಿನವರು ಹೇಗೆ ಫೋನ್ ಮಾಡಿದರು, ಯಾವ ಅಧಿಕಾರಿ ನಂಬದೆ ಹೇಗೆ ರೇಗಿದ, ಅಮ್ಮನಿಗೆ ಎಲ್ಲ ಹೇಳಿದಳು.

"ಹೆಜ್ಜೆ ಆರಿಸೋ ಭಾಗ ಹೇಗಿತ್ತು?" ಎಂದು ದಶಾಂಶ ಕೇಳಿದ.

"ಅದಾ? ಬೊಂಬಾಟ್ ಅಪ್ಪ! ನೀರು ಏರಿ, ನಿಂತು, ಮತ್ತೆ ಏರಿತಲ್ಲ, ಒಂದು ಹೆಜ್ಜೇನೂ ತಪ್ಪಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತೀಯ!" ಎಂದಳು ಮಗಳು. ಹೇಳಿದ ಮೇಲೆ ಅವಳಿಗೆ ತಾನು ಯಾರೆದುರು ಹೇಳಿದೆ ಎಂದು ಹೊಳೆದಿರಬೇಕು, ಲೋಟ ಕೆಳಗಿಟ್ಟಳು.

"ಒಳ್ಳೇದಾಯ್ತು," ಎಂದ ದಶಾಂಶ. "ಹೋಗಿ ಮಲಕ್ಕೋ."

ಅವಳು ಮಲಗಲು ಹೋದಳು. ಅವನು ಹಿಂದಿನ ಕೋಣೆಗೆ ಹೋಗಿ, ಕುರ್ಚಿಯನ್ನು ಗೋಡೆಗೆ ಸರಿಸಿ, ಹೆಂಡತಿಗೆ ಇಸ್ತ್ರಿ ಮಾಡಲು ಜಾಗ ಬಿಟ್ಟುಕೊಟ್ಟ.